ಕಪ್ಪು ನೆಲೆ: ಮಾಯಾ ಲಿನ್ ಅವರ ಶಿಲ್ಪವನ್ನು ಬೀದರಿನಿಂದ ನೋಡಿದಾಗ

ವಾಷಿಂಗ್ಟನ್ ನಗರದಲ್ಲಿರುವ ವಿಯೆಟ್ನಾಂ ಯೋಧರ ಸ್ಮಾರಕದ ಕರಿಯ ಗ್ರಾನೈಟ್ ಕಲ್ಲು ಹೋದದ್ದು ನಮ್ಮ ಕರ್ನಾಟಕದಿಂದ, ಬೆಂಗಳೂರಿನ ಕಡೆಯ ಗಣಿಯಿಂದ. ಹಡಗೇರಿ ಹೋದ ಆ ಕಲ್ಲನ್ನು ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಊರಿನಲ್ಲಿ ಕೊಯ್ದು ಹಲಗೆಗಳನ್ನಾಗಿ ಮಾಡಿ, ಟೆನ್ನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಅವುಗಳ ಮೇಲೆ ಮಡಿದವರ ಹೆಸರುಗಳನ್ನು ಕೊರೆಯಲಾಯಿತು. ಕಲ್ಲು ನಮ್ಮದೆಂಬ ಹೆಮ್ಮೆ ಇಂಥ ಸುದ್ದಿ ಓದಿದವರಿಗೆಲ್ಲ ಒಂದು ಗಳಿಗೆ ಬಂದು ಹೋಗುತ್ತದೆ. ನನ್ನಲ್ಲಿ ಉಳಿದದ್ದು ಬೇರೊಂದು ಸಂಗತಿ. ಆ ಗೋಡೆ ಕಪ್ಪಾಗಿದೆ ಎಂಬುದೂ ಒಂದು ಕಾರಣವಾಗಿ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆಯಿತು. ಕಪ್ಪು ಎಂದರೆ ನಾಚಿಕೆ, ಕಪ್ಪು ಎಂದರೆ ಸೋಲು ಎಂದು ಪ್ರಭಾವಿಗಳು ಬಹಿರಂಗವಾಗಿಯೇ ವಾದಿಸಿದರು. ಚೌಬಾರಾ ಗೋಪುರದ ಆಸುಪಾಸಿನಲ್ಲಿ, ಕರಿಯ ಲೋಹದ ಮೇಲೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವರ ಸುತ್ತಿಗೆಯ ಸದ್ದು ಕೇಳುತ್ತ ಬೀದರಿನಲ್ಲಿ ಬೆಳೆದವರಿಗೆ ಈ ವಾದ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಆರು ಶತಮಾನಗಳಿಂದ ಕಪ್ಪನ್ನು ಶ್ರಮಪಟ್ಟು ಬರಿಸಿಕೊಳ್ಳುತ್ತಾರೆ, ಏಕೆಂದರೆ ಕಪ್ಪು ಬಾರದೆ ಬೆಳ್ಳಿಯ ಗೆರೆ ಕಣ್ಣಿಗೆ ಬೀಳುವುದಿಲ್ಲ.

ಆ ಗೋಡೆಯನ್ನು ಕಲ್ಪಿಸಿದ ಮಾಯಾ ಲಿನ್ ಅವರ ಬದುಕು ಮತ್ತು ಕೆಲಸದ ಕುರಿತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಅವರ ಕೃತಿಗಳನ್ನು ನಾನು ನೋಡಿರುವುದು ಛಾಯಾಚಿತ್ರಗಳಲ್ಲಿ, ನಕ್ಷೆಗಳಲ್ಲಿ, ಚಲಿಸುವ ಚಿತ್ರಗಳಲ್ಲಿ ಮಾತ್ರ. ಆದರೂ ಅವರ ನಾಲ್ಕು ದಶಕಗಳ ಕೆಲಸದಲ್ಲಿ ಒಂದು ಅಭ್ಯಾಸ ಮರಳಿ ಮರಳಿ ಕಾಣುತ್ತದೆ ಎಂಬುದು ನನ್ನ ನಂಬಿಕೆ: ಅವರು ಮೊದಲು ತೆಗೆಯುತ್ತಾರೆ, ಕತ್ತರಿಸುತ್ತಾರೆ, ಉಜ್ಜುತ್ತಾರೆ, ಹೀಗೆ ಒಂದು ನೆಲೆಯನ್ನು ಸಿದ್ಧಮಾಡಿ, ಅದರ ಮೇಲೆ ಮೂಡಬೇಕಾದದ್ದು ತಾನಾಗಿ ಮೂಡಲೆಂದು ಹಿಂದೆ ಸರಿಯುತ್ತಾರೆ.

ಲಿನ್ ಹುಟ್ಟಿದ್ದು 1959ರ ಅಕ್ಟೋಬರ್ 5ರಂದು, ಒಹಾಯೋ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ತಂದೆ ಹೆನ್ರಿ ಹುವಾನ್ ಲಿನ್ ಕುಂಭಕಲೆಯ ಕಲಾವಿದರು, ಒಹಾಯೋ ವಿಶ್ವವಿದ್ಯಾಲಯದ ಲಲಿತಕಲೆಗಳ ವಿಭಾಗದ ಮುಖ್ಯಸ್ಥರಾಗಿದ್ದವರು. ತಾಯಿ ಜೂಲಿಯಾ ಚಾಂಗ್ ಲಿನ್ ಅದೇ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುತ್ತಿದ್ದ ಕವಯಿತ್ರಿ. ಇಬ್ಬರೂ 1940ರ ದಶಕದಲ್ಲಿ ಚೀನಾ ಬಿಟ್ಟು ಬಂದವರು. ಚೀನಾದ ಮೊದಲ ಮಹಿಳಾ ವಾಸ್ತುಶಿಲ್ಪಿ ಎಂದು ಹೆಸರಾದ ಲಿನ್ ಹುಯಿಯಿನ್ ಸಂಬಂಧದಲ್ಲಿ ಇವರಿಗೆ ಸೋದರತ್ತೆ. ಅಪ್ಪ ತಿರುಗಿಸಿ ಸುಟ್ಟ ಪಾತ್ರೆಗಳಲ್ಲೇ ಆ ಮನೆಯ ಊಟ ನಡೆಯುತ್ತಿತ್ತು. ಊರಿನ ಸುತ್ತಲ ಸೀಮೆಯಲ್ಲಿ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆ ಕಟ್ಟಿದ ಮಣ್ಣಿನ ದಿಬ್ಬಗಳು ಹುಲ್ಲು ಹೊದ್ದು ಕೂತಿದ್ದವು. ಹಸಿಮಣ್ಣಿಗೆ ಆಕಾರ ಕೊಡುವ ಕೈಯನ್ನು ಮನೆಯೊಳಗೂ, ನೆಲವೇ ಆಕಾರವಾಗಿ ನಿಂತದ್ದನ್ನು ಮನೆಯ ಹೊರಗೂ ಕಂಡ ಹುಡುಗಿ ಮುಂದೆ ಮಾಡಿದ ಕೆಲಸಕ್ಕೆ ಇದಕ್ಕಿಂತ ಬೇರೆ ಪೀಠಿಕೆ ಹುಡುಕಬೇಕಿಲ್ಲ.

1979ರಲ್ಲಿ ಜ್ಯಾನ್ ಸ್ಕ್ರಗ್ಸ್ ಎಂಬ ಮಾಜಿ ಸೈನಿಕರ ಮುಂದಾಳತನದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರಿಗಾಗಿ ಸ್ಮಾರಕ ಕಟ್ಟುವ ನಿಧಿಯೊಂದು ಸ್ಥಾಪನೆಯಾಯಿತು. ವಿನ್ಯಾಸಕ್ಕೆ ಮುಕ್ತ ಸ್ಪರ್ಧೆ ಏರ್ಪಾಡಾಯಿತು. ಷರತ್ತುಗಳು ಕೆಲವೇ ಇದ್ದವು: ಮಡಿದ ಹಾಗೂ ಕಾಣೆಯಾದ ಎಲ್ಲರ ಹೆಸರೂ ಇರಬೇಕು, ಸ್ಮಾರಕ ಧ್ಯಾನಶೀಲವಾಗಿರಬೇಕು, ಯುದ್ಧದ ಪರವಾಗಿ ಅಥವಾ ವಿರುದ್ಧವಾಗಿ ರಾಜಕೀಯ ಮಾತನ್ನಾಡಬಾರದು. ಆಗ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷದಲ್ಲಿದ್ದ ಲಿನ್, ಸ್ಮಶಾನ ಮತ್ತು ಸಮಾಧಿಗಳ ವಾಸ್ತುವನ್ನು ಕುರಿತ ತರಗತಿಯ ಅಭ್ಯಾಸವಾಗಿ ತಮ್ಮ ವಿನ್ಯಾಸವನ್ನು ರೂಪಿಸಿದರು. ಅದೇ ವಿಶ್ವವಿದ್ಯಾಲಯದ ಪಡಸಾಲೆಯೊಂದರ ಗೋಡೆಗಳ ಮೇಲೆ ಯುದ್ಧಗಳಲ್ಲಿ ಸತ್ತ ಹಳೆಯ ವಿದ್ಯಾರ್ಥಿಗಳ ಹೆಸರು ಕೆತ್ತಲಾಗಿದ್ದು, ಆ ಅಕ್ಷರಗಳನ್ನು ಮುಟ್ಟದೆ ಹಾದುಹೋಗುವುದು ತಮಗೆ ಕಷ್ಟವಾಗುತ್ತಿತ್ತೆಂದು ಅವರು ನೆನೆದಿದ್ದಾರೆ. ಫ್ರಾನ್ಸಿನ ತಿಯೆಪ್‌ವಾಲ್‌ನಲ್ಲಿ 70 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಹೊತ್ತ ಮೊದಲ ಮಹಾಯುದ್ಧದ ಕಮಾನಿನ ಕುರಿತ ಪಾಠವೂ ಅವರ ಮನಸ್ಸಿನಲ್ಲಿತ್ತು. ಅದನ್ನು ಕಟ್ಟಿದವರು ನಮ್ಮ ದೆಹಲಿಯ ಇಂಡಿಯಾ ಗೇಟನ್ನು ಕಟ್ಟಿದ ಎಡ್ವಿನ್ ಲಟ್ಯೆನ್ಸರೇ. ಇಂಡಿಯಾ ಗೇಟಿನ ಕಲ್ಲಿನ ಮೇಲೂ ಹೆಸರುಗಳಿವೆ, ಆದರೆ ನಾವು ಅದನ್ನು ದೂರದಿಂದ ನೋಡುತ್ತೇವೆಯೇ ಹೊರತು ಓದುವುದಿಲ್ಲ.

ಸ್ಪರ್ಧೆಗೆ 1,421 ವಿನ್ಯಾಸಗಳು ಬಂದವು. ಯಾರ ಹೆಸರೂ ತಿಳಿಯದಂತೆ ಪ್ರತಿಯೊಂದಕ್ಕೂ ಸಂಖ್ಯೆಯನ್ನಷ್ಟೇ ಕೊಡಲಾಗಿತ್ತು. ಲಿನ್ ಅವರದು 1026. ಮೃದುವಾದ ಪೇಸ್ಟಲ್ ಬಣ್ಣದಲ್ಲಿ ಬರೆದ, ಮಕ್ಕಳ ಚಿತ್ರದಷ್ಟು ಸರಳವಾದ ಹಾಳೆಯದು: ಹಸಿರು ನೆಲ, ಅದರಲ್ಲೊಂದು ಕರಿಯ ಮೂಲೆ. 1981ರ ಮೇ ತಿಂಗಳಲ್ಲಿ ತೀರ್ಪುಗಾರರು ಅದನ್ನು ಆರಿಸಿದಾಗ ಅವರಿಗೆ 21 ವರ್ಷ. ತರಗತಿಯಲ್ಲಿ ಅದೇ ವಿನ್ಯಾಸಕ್ಕೆ ದೊರೆತ ಶ್ರೇಣಿ ಬಿ. ಹೆಸರು ಮುಚ್ಚಿಟ್ಟದ್ದರಿಂದಲೇ ಇದು ಸಾಧ್ಯವಾಯಿತೆಂದು ನನಗನ್ನಿಸುತ್ತದೆ; ಏಷ್ಯಾ ಮೂಲದ, ಪದವಿಯನ್ನೂ ಮುಗಿಸದ ಹುಡುಗಿಯೊಬ್ಬಳು ಬರೆದದ್ದೆಂದು ಮೊದಲೇ ತಿಳಿದಿದ್ದರೆ ಫಲಿತಾಂಶ ಏನಾಗುತ್ತಿತ್ತೆಂಬುದನ್ನು ಮುಂದೆ ನಡೆದ ಜಗಳವೇ ಹೇಳುತ್ತದೆ.

ವಿನ್ಯಾಸದ ಸಾರ ಇಷ್ಟು. ಇಳಿಜಾರಾದ ನೆಲವನ್ನು ಕತ್ತರಿಸಿ, ಆ ಕಡಿತದ ಒಂದು ಮಗ್ಗುಲಿಗೆ ಎರಡು ಗೋಡೆಗಳನ್ನು ನಿಲ್ಲಿಸಲಾಗಿದೆ. ಪ್ರತಿ ಗೋಡೆಯ ಉದ್ದ ಸುಮಾರು 75 ಮೀಟರ್. ಒಂದು ಗೋಡೆಯ ಗೆರೆಯನ್ನು ಮುಂದುವರಿಸಿದರೆ ಲಿಂಕನ್ ಸ್ಮಾರಕವನ್ನೂ ಇನ್ನೊಂದರದನ್ನು ಮುಂದುವರಿಸಿದರೆ ವಾಷಿಂಗ್ಟನ್ ಸ್ತಂಭವನ್ನೂ ಮುಟ್ಟುತ್ತದೆ. ತುದಿಗಳಲ್ಲಿ ಪಾದದೆತ್ತರವೂ ಇಲ್ಲದ ಗೋಡೆ ನಡುವಿನ ಮೂಲೆಯಲ್ಲಿ 3 ಮೀಟರ್ ಆಗುತ್ತದೆ. ಬಂದವರು ನಡೆಯುತ್ತ ನಡೆಯುತ್ತ ನೆಲಮಟ್ಟದಿಂದ ಕೆಳಗಿಳಿಯುತ್ತಾರೆ, ಹೆಸರುಗಳು ಅವರ ಮಂಡಿಯಿಂದ ಎದೆಗೆ, ಎದೆಯಿಂದ ತಲೆಯ ಮೇಲಕ್ಕೆ ಏರುತ್ತವೆ. 1982ರ ನವೆಂಬರ್‌ನಲ್ಲಿ ಲೋಕಾರ್ಪಣೆಯಾದಾಗ ಅಲ್ಲಿದ್ದ ಹೆಸರುಗಳು 57,939. ಆಮೇಲೆ ಸೇರಿದವು ಕೂಡಿ ಈಗ 58 ಸಾವಿರವನ್ನು ದಾಟಿವೆ. ಸತ್ತದ್ದು ಖಚಿತವಾದವರ ಹೆಸರಿನ ಮಗ್ಗುಲಿಗೆ ವಜ್ರಾಕೃತಿಯ ಗುರುತಿದೆ, ಕಾಣೆಯಾದವರ ಮಗ್ಗುಲಿಗೆ ಕೂಡು ಗುರುತಿದೆ. ಪದವಿ, ದರ್ಜೆ, ಊರು ಯಾವುದೂ ಇಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಆ ಹೆಸರುಗಳ ಕ್ರಮ. ಅಕಾರಾದಿಯಾಗಿ ಕೊಟ್ಟರೆ ಹುಡುಕಲು ಸುಲಭವೆಂದು ಹಲವರು ಒತ್ತಾಯಿಸಿದರು. ಲಿನ್ ಒಪ್ಪಲಿಲ್ಲ. ಹಾಗೆ ಮಾಡಿದರೆ ಸ್ಮಿತ್ ಎಂಬ ನೂರಾರು ಹೆಸರುಗಳು ಒಂದರ ಕೆಳಗೊಂದು ಬಂದು ಟೆಲಿಫೋನ್ ಡೈರೆಕ್ಟರಿಯಂತಾಗುತ್ತದೆ, ಒಬ್ಬೊಬ್ಬನ ಸಾವೂ ಕರಗಿಹೋಗುತ್ತದೆ ಎಂಬುದು ಅವರ ನಿಲುವಾಗಿತ್ತು. ಕೊನೆಗೆ ಮಡಿದ ದಿನಾಂಕದ ಕ್ರಮವೇ ನಿಂತಿತು. 1959ರ ಮೊದಲ ಹೆಸರು ನಡುಮೂಲೆಯಲ್ಲಿ ಆರಂಭವಾಗಿ, ಸಾಲು ಬಲಗಡೆಯ ಗೋಡೆಯ ತುದಿಯವರೆಗೆ ಸಾಗಿ, ಎಡಗಡೆಯ ಗೋಡೆಯ ದೂರದ ತುದಿಯಿಂದ ಮತ್ತೆ ಹೊರಟು, 1975ರ ಕೊನೆಯ ಹೆಸರು ಅದೇ ನಡುಮೂಲೆಗೆ ಬಂದು ಸೇರುತ್ತದೆ. ಯುದ್ಧದ ಮೊದಲೂ ಕೊನೆಯೂ ಅಲ್ಲಿ ಎದುರುಬದುರಾಗುತ್ತವೆ. ಒಂದೇ ದಿನ, ಒಂದೇ ಹೋರಾಟದಲ್ಲಿ ಸತ್ತವರು ಗೋಡೆಯ ಮೇಲೂ ಜೊತೆಗೇ ಇರುತ್ತಾರೆ; ಬದುಕಿ ಬಂದ ಗೆಳೆಯ ತನ್ನ ಆ ದಿನವನ್ನು ಕಲ್ಲಿನ ಮೇಲೆ ಗುರುತಿಸಬಲ್ಲ. ಹುಡುಕುವವರ ಅನುಕೂಲಕ್ಕೆ ಬಳಿಯಲ್ಲೇ ಹೆಸರಿನ ಪುಸ್ತಕವನ್ನಿಟ್ಟಿದ್ದಾರೆ. ಒಬ್ಬ ವಿದ್ಯಾರ್ಥಿನಿ ಸೈನ್ಯದ ಅನುಭವಿಗಳೆದುರು ನಿಂತು ಈ ಕ್ರಮವನ್ನು ಬಿಟ್ಟುಕೊಡದೆ ಉಳಿಸಿಕೊಂಡದ್ದು, ಗೋಡೆಯ ಆಕಾರವನ್ನು ಕಲ್ಪಿಸಿದ್ದಕ್ಕಿಂತಲೂ ದೊಡ್ಡ ಕೆಲಸವೆಂದು ನಾನು ಎಣಿಸುತ್ತೇನೆ.

ನಮ್ಮ ಸೀಮೆಯ ಹಳೆಯ ಊರುಗಳಲ್ಲಿ ಹನುಮಂತನ ಗುಡಿಯ ಬಳಿಯೋ ಅಗಸಿಯ ಮಗ್ಗುಲಲ್ಲೋ ಕುಂಕುಮ ಮೆತ್ತಿಸಿಕೊಂಡು ನಿಂತ ವೀರಗಲ್ಲುಗಳನ್ನು ನೆನೆದರೆ ಈ ಸ್ಮಾರಕದ ಹೊಸತನ ಇನ್ನಷ್ಟು ಸ್ಪಷ್ಟವಾಗುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಶಿವಸನ್ನಿಧಿ. ಶಾಸನವಿದ್ದರೆ ಪಟ್ಟಿಗಳ ನಡುವಿನ ಅಂಚಿನಲ್ಲಿ ವೀರನ ಹೆಸರು, ಅವನು ಸತ್ತ ಕಾರಣ. ಶಿಲ್ಪದಲ್ಲಿರುವ ವೀರನಿಗೆ ಸ್ವಂತದ ಮುಖವಿಲ್ಲ, ಹತ್ತು ಕಲ್ಲುಗಳಲ್ಲಿ ಹತ್ತೂ ಮಂದಿ ಒಂದೇ ಥರ ಕತ್ತಿ ಹಿಡಿದಿರುತ್ತಾರೆ. ಅವನನ್ನು ಅವನನ್ನಾಗಿ ಉಳಿಸುವುದು ಅಂಚಿನ ಆ ಒಂದೆರಡು ಸಾಲು. ಲಿನ್ ಮಾಡಿದ್ದೆಂದರೆ ಹೋರಾಟವನ್ನೂ ಸ್ವರ್ಗವನ್ನೂ ತೆಗೆದುಹಾಕಿ ಆ ಅಂಚಿನ ಸಾಲನ್ನು ಮಾತ್ರ ಉಳಿಸಿಕೊಂಡದ್ದು. ವಿರೋಧಿಗಳಿಗೆ ಬೇಕಾಗಿದ್ದುದು ಸರಿಯಾಗಿ ಅವರು ತೆಗೆದುಹಾಕಿದ ಭಾಗವೇ. ಕೊನೆಗೆ ಒಪ್ಪಂದವಾಗಿ, ಫ್ರೆಡರಿಕ್ ಹಾರ್ಟ್ ಎಂಬ ಶಿಲ್ಪಿ ಮಾಡಿದ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನು 1984ರಲ್ಲಿ ಗೋಡೆಯಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಲಾಯಿತು. ಲಿನ್ ಅದನ್ನು ಕಟುವಾಗಿ ವಿರೋಧಿಸಿದ್ದರು. ವೀರಗಲ್ಲಿನ ನಾಡಿನಲ್ಲಿರುವ ನನಗೆ ಮೂರ್ತಿಯೂ ಹೆಸರೂ ಒಟ್ಟಿಗಿರುವುದರಲ್ಲಿ ದೋಷ ಕಾಣುವುದಿಲ್ಲ, ಆದರೆ ಆ ಪ್ರತಿಮೆಯ ಸೈನಿಕರೂ ಈಗ ಗೋಡೆಯ ಕಡೆಗೇ ನೋಡುತ್ತ ನಿಂತಿರುವಂತಿದೆ. ಅಲ್ಲಿಗೆ ಬರುವ ಜನರೂ ಗೋಡೆಯ ಬಳಿಗೇ ಹೋಗುತ್ತಾರೆ, ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ, ಪತ್ರ, ಪದಕ, ಬೂಟುಗಳನ್ನು ಬಿಟ್ಟುಹೋಗುತ್ತಾರೆ. ಹಾಗೆ ಬಿಟ್ಟುಹೋದ ವಸ್ತುಗಳು ನಾಲ್ಕು ಲಕ್ಷಕ್ಕೂ ಹೆಚ್ಚಿವೆ, ಅವುಗಳನ್ನು ಸಂಗ್ರಹಿಸಿ ಕಾಪಾಡಲಾಗುತ್ತಿದೆ.

ಇನ್ನು ಬಣ್ಣದ ಜಗಳ. ನಾಚಿಕೆಯ ಕರಿಯ ಗಾಯವೆಂದು ಒಬ್ಬ ಮಾಜಿ ಸೈನಿಕರು ಕರೆದ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ಒಳಾಡಳಿತ ಖಾತೆಯ ಕಾರ್ಯದರ್ಶಿಯಾಗಿದ್ದ ಜೇಮ್ಸ್ ವಾಟ್ ಕಟ್ಟುವ ಪರವಾನಗಿಯನ್ನು ತಡೆಹಿಡಿದರು. ಬಿಳಿಯ ಕಲ್ಲಾಗಲಿ, ಗೋಡೆ ನೆಲದ ಮೇಲೇಳಲಿ ಎಂಬ ಬೇಡಿಕೆಗಳು ಬಂದವು. ಆಗ ಎದ್ದುನಿಂತು, ಕಪ್ಪು ನಾಚಿಕೆಯ ಬಣ್ಣವೆಂಬ ಮಾತು ಕೇಳಿ ಕೇಳಿ ಸಾಕಾಗಿದೆ ಎಂಬರ್ಥದಲ್ಲಿ ಉತ್ತರ ಕೊಟ್ಟವರು ಜಾರ್ಜ್ ಪ್ರೈಸ್ ಎಂಬ ಆಫ್ರಿಕನ್ ಅಮೆರಿಕನ್ ಸೇನಾಧಿಕಾರಿ. ಅದರ ನಂತರ ಆ ಬೇಡಿಕೆ ಬಲಗುಂದಿತು. ಲಿನ್ ಅವರಿಗಂತೂ ಕಪ್ಪಿನ ಆಯ್ಕೆ ಶೋಕದ ಲೆಕ್ಕವಾಗಿರಲಿಲ್ಲ, ಬೆಳಕಿನ ಲೆಕ್ಕವಾಗಿತ್ತು. ಬಿಳಿಯ ಅಮೃತಶಿಲೆಯನ್ನು ಎಷ್ಟು ನಯಮಾಡಿದರೂ ಅದು ಕನ್ನಡಿಯಾಗದು, ದಕ್ಷಿಣಕ್ಕೆ ಮುಖಮಾಡಿದ ಗೋಡೆಯಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಅಕ್ಷರಗಳು ಮರೆಯಾಗುತ್ತವೆ. ಕರಿಯ ಗ್ರಾನೈಟ್ ನಯವಾದಷ್ಟೂ ಆಳವಾಗುತ್ತದೆ. ಕೊರೆದ ಅಕ್ಷರದ ಒಡಲು ಬೂದುಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತದೆ. ಓದಲು ಬಾಗಿದವರ ಮುಖ ಹೆಸರುಗಳ ಹಿಂದೆ ತೇಲುತ್ತದೆ.

ಬಿದ್ರಿ ಮಾಡುವವರು ಇದನ್ನು ಒಂದೇ ನೋಟಕ್ಕೆ ಹಿಡಿಯಬಲ್ಲರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ ನಯಮಾಡಿದಾಗ ಅದು ಬೆಳ್ಳಗಿರುತ್ತದೆ. ಗೆರೆ ಬರೆಯುವಾಗ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪುಮಾಡಿ, ಉಳಿಯಿಂದ ಕೊರೆದು, ಕೊರೆದ ಸಂದಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿ, ಲೋಹವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ವಾರಗಟ್ಟಲೆ ಮಾಡಿದ ಕುಸುರಿ ಇದ್ದೂ ಇಲ್ಲದಂತಾಗುತ್ತದೆ. ಕೊನೆಯಲ್ಲಿ ಕೋಟೆಯ ಮಣ್ಣಿಗೆ ನವಸಾಗರ ಕಲಸಿ, ಹೂಜಿಯನ್ನು ಬಿಸಿಮಾಡಿ ಆ ಕೆಸರನ್ನು ತಿಕ್ಕಿದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆ ಕ್ಷಣದಲ್ಲೇ ಬಳ್ಳಿ, ಹೂವು, ಅಕ್ಷರ ಎಲ್ಲವೂ ಹೊರಗೆ ಬರುತ್ತವೆ. ಅಂದರೆ ನಮ್ಮಲ್ಲಿ ಕಪ್ಪು ಅಲಂಕಾರದ ಭಾಗವಲ್ಲ, ಅಲಂಕಾರ ಕಾಣುವುದಕ್ಕೆ ಬೇಕಾದ ಷರತ್ತು. ವಾಷಿಂಗ್ಟನ್ನಿನ ಗೋಡೆಯಲ್ಲಿ ಕರ್ನಾಟಕದ ಕಲ್ಲು ಮಾಡಿರುವುದೂ ಅಷ್ಟೇ ಕೆಲಸ.

ಲೋಕಾರ್ಪಣೆಯ ಸಮಾರಂಭದಲ್ಲಿ ವೇದಿಕೆಯಿಂದ ಲಿನ್ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅವರು ಯೇಲ್‌ಗೆ ಹಿಂತಿರುಗಿ 1986ರಲ್ಲಿ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ ಮುಗಿಸಿದರು.

ಮುಂದಿನ ಎರಡು ಕೃತಿಗಳಲ್ಲಿ ಕಲ್ಲಿನ ಜೊತೆಗೆ ನೀರು ಬಂತು. ಅಲಬಾಮಾದ ಮಾಂಟ್ಗಮರಿಯಲ್ಲಿ 1989ರಲ್ಲಿ ಮುಗಿದ ನಾಗರಿಕ ಹಕ್ಕುಗಳ ಸ್ಮಾರಕದಲ್ಲಿ ಕರಿಯ ಗ್ರಾನೈಟಿನ ದುಂಡನೆಯ ಮೇಜಿನಂಥ ಕಲ್ಲಿದೆ. ಅದರ ಅಂಚಿನ ಸುತ್ತ 1954ರಿಂದ 1968ರವರೆಗಿನ ಹೋರಾಟದ ಘಟನೆಗಳೂ ಅದರಲ್ಲಿ ಪ್ರಾಣ ಕೊಟ್ಟವರ ಹೆಸರುಗಳೂ ಗಡಿಯಾರದ ಅಂಕೆಗಳಂತೆ ಸುತ್ತಿಬಂದಿವೆ. ಮೇಜಿನ ನಡುವಿನಿಂದ ಉಕ್ಕಿದ ನೀರು ತೆಳುವಾದ ಪೊರೆಯಾಗಿ ಹೆಸರುಗಳ ಮೇಲೆ ಹರಿಯುತ್ತದೆ. ಮುಟ್ಟಿದವರ ಬೆರಳು ನೀರಿನ ದಾರಿಯನ್ನು ಕ್ಷಣಕಾಲ ಬದಲಿಸುತ್ತದೆ. ಮೊದಲ ಮತ್ತು ಕೊನೆಯ ನಮೂದುಗಳ ನಡುವೆ ಜಾಗ ಖಾಲಿ ಬಿಟ್ಟಿದ್ದಾರೆ, ಏಕೆಂದರೆ ಹೋರಾಟ 1954ಕ್ಕಿಂತ ಮೊದಲೂ ಇತ್ತು, 1968ರ ನಂತರವೂ ಇದೆ. ವಾಷಿಂಗ್ಟನ್ನಿನಲ್ಲಿ ಕೂಡಿಸಿದ ವೃತ್ತವನ್ನು ಇಲ್ಲಿ ಬೇಕೆಂದೇ ಕೂಡಿಸಿಲ್ಲ. 1993ರಲ್ಲಿ ಯೇಲ್‌ನ ಗ್ರಂಥಾಲಯದ ಮುಂದೆ ಇಟ್ಟ ಮಹಿಳಾ ಮೇಜಿನಲ್ಲಿ ಹೆಸರುಗಳೂ ಇಲ್ಲ, ಅಂಕಿಗಳಷ್ಟೇ ಇವೆ: ವಿಶ್ವವಿದ್ಯಾಲಯದಲ್ಲಿ ಓದಿದ ಹೆಂಗಸರ ಸಂಖ್ಯೆ ವರ್ಷವಾರು ಸುರುಳಿಯಾಗಿ ಬರುತ್ತದೆ, ಆರಂಭದಲ್ಲಿ ಸೊನ್ನೆಗಳ ಉದ್ದ ಸಾಲು. ಆ ಸೊನ್ನೆಗಳಷ್ಟು ಖಾರವಾದ ಟೀಕೆಯನ್ನು ಅಕ್ಷರದಲ್ಲಿ ಬರೆಯುವುದು ಕಷ್ಟ.

ಆಮೇಲೆ ಅವರು ನೆಲದ ಮೇಲೇ ಕೆಲಸ ಮಾಡತೊಡಗಿದರು. ಮಿಷಿಗನ್ ವಿಶ್ವವಿದ್ಯಾಲಯದ ಅಂಗಳದಲ್ಲಿ 1995ರಲ್ಲಿ ಹುಲ್ಲುನೆಲವನ್ನು ಸಮುದ್ರದ ಅಲೆಗಳಂತೆ ಏರಿಳಿಸಿದರು. ವಿದ್ಯಾರ್ಥಿಗಳು ಅಲೆಯ ತಗ್ಗಿನಲ್ಲಿ ಒರಗಿ ಓದುತ್ತಾರೆ. ಅದೇ ಸರಣಿಯ ದೊಡ್ಡ ಕೃತಿ ನ್ಯೂಯಾರ್ಕ್ ರಾಜ್ಯದ ಸ್ಟಾರ್ಮ್ ಕಿಂಗ್ ಶಿಲ್ಪೋದ್ಯಾನದಲ್ಲಿದೆ, 2009ರಲ್ಲಿ ಜನರಿಗೆ ತೆರೆದದ್ದು. ಆಳೆತ್ತರಕ್ಕಿಂತ ಮಿಗಿಲಾದ ಮಣ್ಣಿನ ಏಳು ಅಲೆಸಾಲುಗಳ ನಡುವೆ ನಿಂತರೆ ಪಕ್ಕದ ಸಾಲಿನವರು ಕಾಣುವುದಿಲ್ಲ. ಆ ಜಾಗ ಮೊದಲು ಹೆದ್ದಾರಿಗೆ ಜಲ್ಲಿ ತೆಗೆದು ಬಿಟ್ಟ ಗುಂಡಿಯಾಗಿತ್ತು ಎಂಬ ವಿವರವನ್ನು ಕಲಬುರಗಿ ಜಿಲ್ಲೆಯವರು ಗಮನವಿಟ್ಟು ಓದಬೇಕು. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ನೆಲಹಾಸಿನ ಫರಸಿ ಕಲ್ಲು ತೆಗೆದು ಬಿಟ್ಟ ಖಣಿಗಳು ಮಳೆನೀರು ತುಂಬಿಕೊಂಡು, ಸುತ್ತ ಒಡಕು ಕಲ್ಲಿನ ರಾಶಿ ಹೊತ್ತು ಬಿದ್ದಿವೆ. ನಾವು ಅವುಗಳನ್ನು ಮುಚ್ಚಬೇಕಾದ ಅಪಾಯವೆಂದೋ ಕಸ ಸುರಿಯುವ ಜಾಗವೆಂದೋ ನೋಡುತ್ತೇವೆ. ನೆಲವನ್ನು ಕಡಿದೇ ಕಟ್ಟುವ ವಿದ್ಯೆ ನಮಗೆ ಹೊಸದೇನಲ್ಲ. ಬೀದರ್ ಕೋಟೆಯ ಮೂರು ಸಾಲಿನ ಕಂದಕ ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮಾಡಿದ್ದು. ನೌಬಾದಿನ ಕರೇಜ್ ಬಹಮನಿ ಕಾಲದ ಜನ ನೆಲದೊಳಗೆ ಸುರಂಗ ತೋಡಿ, ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ಇಳಿಸಿ, ನೀರನ್ನು ಇಳಿಜಾರಿನಲ್ಲೇ ಊರಿಗೆ ಹರಿಸಿದ ಏರ್ಪಾಡು. ಉಪಯೋಗಕ್ಕಾಗಿ ಮಾಡಿದ ಆ ಕಡಿತಗಳಲ್ಲಿ ಶಿಲ್ಪದ ಗುಣವಿದೆಯೆಂದು ನನಗೆ ತೋರಿದ್ದು ಲಿನ್ ಅವರ ಕೆಲಸವನ್ನು ನೋಡಿದ ಮೇಲೆಯೇ.

ಕಟ್ಟಡಗಳನ್ನೂ ಅವರು ವಿನ್ಯಾಸ ಮಾಡಿದ್ದಾರೆ. ಟೆನ್ನೆಸಿಯಲ್ಲಿ ಹಳೆಯ ಮರದ ಕಣಜವೊಂದರ ಹೊರಮೈಯನ್ನು ಹಾಗೇ ಉಳಿಸಿಕೊಂಡು ಒಳಗೆ ರೂಪಿಸಿದ ಲ್ಯಾಂಗ್ಸ್ಟನ್ ಹ್ಯೂಸ್ ಗ್ರಂಥಾಲಯ 1999ರದು, ನ್ಯೂಯಾರ್ಕಿನ ಚೀನೀ ಅಮೆರಿಕನ್ನರ ವಸ್ತುಸಂಗ್ರಹಾಲಯ 2009ರದು. ನಾಲ್ ಎಂಬ ಪೀಠೋಪಕರಣ ಸಂಸ್ಥೆಗಾಗಿ ಭೂಮಿಯ ಬಾಗುವಿಕೆಯನ್ನೇ ನೆನಪಿಸುವ ಆಸನಗಳನ್ನೂ ಮಾಡಿದರು. ಗ್ರಂಥಾಲಯದ ವಿಷಯದಲ್ಲಿ ನನಗೆ ಗೌರವವಿದೆ. ಆಸನಗಳು ಚೆಂದವಾಗಿವೆ, ಅಷ್ಟೇ. 2016ರಲ್ಲಿ ಬರಾಕ್ ಒಬಾಮಾ ಅವರಿಂದ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಪಡೆದರು.

ಗ್ಯಾಲರಿಗಳಿಗಾಗಿ ಮಾಡಿದ ನದಿಗಳ ಬಗ್ಗೆ ನನಗೊಂದು ತಕರಾರಿದೆ. ಮರುಬಳಕೆಯ ಬೆಳ್ಳಿಯನ್ನು ಎರಕ ಹೊಯ್ದು ಹಡ್ಸನ್ ಮೊದಲಾದ ನದಿಗಳ ಹರಿವನ್ನು ಗೋಡೆಯ ಮೇಲೆ ಒಂದು ತೆಳುಗೆರೆಯಾಗಿ ಕೂರಿಸಿದ್ದಾರೆ. ಸಾವಿರಾರು ಗುಂಡುಸೂಜಿಗಳನ್ನು ಚುಚ್ಚಿ ಯಾಂಗ್‌ಟ್ಸೆ ನದಿಯನ್ನು ಮೂಡಿಸಿದ್ದಾರೆ. ಸೂಜಿಯ ನದಿ ಅದ್ಭುತವಾಗಿದೆ, ಏಕೆಂದರೆ ಸೂಜಿಗಳ ನೆರಳು ಬಿಳಿಗೋಡೆಯ ಮೇಲೆ ಬಿದ್ದು ನದಿಗೆ ಅಂಚು ಸಿಗುತ್ತದೆ. ಬೆಳ್ಳಿಯ ನದಿಗಳು ಮಾತ್ರ ಆ ಬಿಳಿಗೋಡೆಯಲ್ಲಿ ಒಡವೆಯಂತೆ ತೋರುತ್ತವೆ, ನದಿ ಹಿಂದೆ ಸರಿಯುತ್ತದೆ. ನಮ್ಮ ಮಾಂಜ್ರಾ ನದಿಯನ್ನು ಬಿದ್ರಿಯ ತರಕಶಿ ಕೆಲಸದವರು ಕರಿಯ ತಟ್ಟೆಯ ಮೇಲೆ ತಂತಿಯಲ್ಲಿ ಎಳೆದಿದ್ದರೆ ಗೆರೆ ಇನ್ನೂ ಜೀವಂತವಾಗಿರುತ್ತಿತ್ತೆಂದು ಊರಿನ ಅಭಿಮಾನ ಸೇರಿಸಿಯೇ ಹೇಳುತ್ತಿದ್ದೇನೆ.

2009ರಿಂದ ಅವರು ತಮ್ಮ ಕೊನೆಯ ಸ್ಮಾರಕವೆಂದು ಕರೆದುಕೊಂಡ ಕೆಲಸದಲ್ಲಿ ತೊಡಗಿದ್ದಾರೆ. ಅಳಿದ ಮತ್ತು ಅಳಿಯುತ್ತಿರುವ ಪ್ರಾಣಿ, ಹಕ್ಕಿ, ಕಾಡು, ಕೇಳದಾದ ಸದ್ದುಗಳ ಸ್ಮಾರಕವದು. ಅದಕ್ಕೆ ಒಂದೇ ಜಾಗವಿಲ್ಲ. ಕ್ಯಾಲಿಫೋರ್ನಿಯಾದಲ್ಲೊಂದು ಶಿಲ್ಪ, ಅಲ್ಲಲ್ಲಿ ಚಲನಚಿತ್ರ, ಅಂತರ್ಜಾಲದಲ್ಲಿ ಜನರು ತಮ್ಮ ನೆನಪು ಸೇರಿಸುವ ನಕ್ಷೆ. ಉದ್ದೇಶ ದೊಡ್ಡದು, ಆದರೆ ಕಾಲಿಡಲು ನೆಲವಿಲ್ಲದ ಈ ಸ್ಮಾರಕ ನನ್ನನ್ನು ಗೋಡೆಯಷ್ಟು ತಟ್ಟುವುದಿಲ್ಲ. ಅದೇ ಕಾಳಜಿಯನ್ನು 2021ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಉದ್ಯಾನದಲ್ಲಿ ಅವರು ಹೆಚ್ಚು ಗಟ್ಟಿಯಾಗಿ ಹೇಳಿದರು. ಉಪ್ಪುನೀರು ನುಗ್ಗಿ ಕರಾವಳಿಯ ದೇವದಾರು ಕಾಡುಗಳು ಸಾಯುತ್ತಿವೆ. ನ್ಯೂಜೆರ್ಸಿಯಿಂದ ಅಂಥ 49 ಒಣಮರಗಳನ್ನು ತಂದು, ಹಸಿರು ತುಂಬಿದ ಬೇಸಿಗೆಯ ಉದ್ಯಾನದ ನಡುವೆ ನೆಟ್ಟರು. ಬದುಕಿದ ಮರಗಳೇ ಅಲ್ಲಿ ನೆಲೆಯಾದವು, ಸತ್ತ ಮರಗಳು ಅದರ ಮೇಲೆ ಗೆರೆಗಳಾಗಿ ಎದ್ದುಕಂಡವು. ವರ್ಷದ ಕೊನೆಗೆ ಅವುಗಳನ್ನು ಕಿತ್ತಾಗ, ಆ ಮರವನ್ನು ದೋಣಿ ಕಟ್ಟುವುದನ್ನು ಕಲಿಯುವ ಬ್ರಾಂಕ್ಸ್ ಬಡಾವಣೆಯ ಹುಡುಗ ಹುಡುಗಿಯರಿಗೆ ಕೊಡಲಾಯಿತು.